ಅಮಾಸಿಗೊಮ್ಮೆ ಅಪ್‌ಡೇಟು

ನನ್ನ ಫೋನು ಆಗಾಗ ಕೇಳುತ್ತದೆ: ಹೊಸ ಅಪ್‌ಡೇಟು ಬಂದಿದೆ, ಹಾಕಲೇ? ಮೊದಲೆಲ್ಲ ‘ಆಮೇಲೆ’ ಎಂಬುದನ್ನು ಒತ್ತಿ ಕ್ರಿಕೆಟ್ ಸ್ಕೋರು ನೋಡಲು ಹೋಗುತ್ತಿದ್ದೆ. ಈಗ ಹಾಗೆ ಒತ್ತಲು ಹೋದರೆ ಅಕ್ಕೋರು ನೆನಪಾಗುತ್ತಾರೆ. ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಿದರೆ ಹೇಳುವುದು ಕಷ್ಟ. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ.

ಅಕ್ಕೋರು ಎಂದರೆ ನಮ್ಮ ಕಡೆ ಶಾಲೆಯ ಶಿಕ್ಷಕಿ. ಕುಂದಗೋಳ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಅವರು ಗಣಿತ, ನಾನು ಹಿಂದಿ. ನಮ್ಮಿಬ್ಬರ ತರಗತಿಗಳ ನಡುವೆ ಒಂದೇ ಗೋಡೆ. ಆ ಗೋಡೆ ಇದ್ದೂ ಇಲ್ಲದ ಹಾಗೆ. ಅವರ ‘ಆದ್ದರಿಂದ’ ಎಂಬ ಒಂದು ಮಾತು ಗೋಡೆ ದಾಟಿ ಬಂದು ನನ್ನ ಹುಡುಗರನ್ನು ಎತ್ತಿಕೊಂಡು ಹೋಗುತ್ತಿತ್ತು. ಒಂದು ಸಲ ತಡೆಯಲಾರದೆ ಹೇಳಿದೆ: “ಅಕ್ಕೋರ, ಸ್ವಲ್ಪ ಸಾವಕಾಶ ಕಲಸ್ರಿ. ನನ್ನ ಹುಡುಗ್ರು ಹಿಂದಿ ಪೇಪರಿನ್ಯಾಗ ತ್ರಿಕೋನ ಬರದಾರ.”

“ಬರೀಲಿ ಬಿಡ್ರಿ ಸರ. ಅದರಾಗರ ಒಂದ ಮಾರ್ಕ ಬರ್ತೈತಿ” ಎಂದು ಉತ್ತರ ಬಂತು. ಇಡೀ ಸ್ಟಾಫ್ ರೂಮು ನಕ್ಕಿತು. ಅವರ ಬಾಯಿಗೆ ಎದುರು ಬಾಯಿ ಹಾಕಿ ಗೆದ್ದವರನ್ನು ನಾನು ಕಂಡಿಲ್ಲ.

ಅವರ ಮನೆ ಯರಗುಪ್ಪಿಯಲ್ಲಿ. ಗಂಡ ಕಪ್ಪು ಮಣ್ಣಿನ ಎರಿ ಹೊಲದಲ್ಲಿ ಒಕ್ಕಲುತನ ಮಾಡುವವರು, ಮಾತು ಕಡಿಮೆ. ಮಕ್ಕಳಿರಲಿಲ್ಲ. ಮನೆಯಲ್ಲಿ ಮೂರನೆಯವರು ಅತ್ತೆ. ಆ ಮುದುಕಿಗೆ ಎರಡೂ ಕಣ್ಣು ಹೋಗಿ ಬಹಳ ಕಾಲವಾಗಿತ್ತು. ಸಂಜೆ ಸೊಸೆ ಬಂದು ಶಾಲೆಯ ಸುದ್ದಿಯನ್ನೆಲ್ಲ ಒಂದೂ ಬಿಡದೆ ಹೇಳಬೇಕು, ಅತ್ತೆ ಅದಕ್ಕೆ ತೀರ್ಪು ಕೊಡಬೇಕು. ನಾನು ಮೊದಲ ಸಲ ಅವರ ಮನೆಗೆ ಹೋದಾಗ ಬಾಗಿಲಲ್ಲಿ ಕೆಮ್ಮಿದ್ದಷ್ಟೇ, ಮುದುಕಿ ಕೂತಲ್ಲಿಂದಲೇ ಕೇಳಿದರು: “ಹಿಂದಿ ಮಾಸ್ತರೇನ್ರಿ? ಊಟಾ ಆದಮ್ಯಾಲೆ ಖುರ್ಚಿ ಮ್ಯಾಲೆ ತೂಕಡಸ್ತೀರಂತ.” ಆ ಮನೆಯಲ್ಲಿ ಜಗಳವೂ ಇತ್ತು, ಆದರೆ ಮಾತಿಲ್ಲದ ಹೊತ್ತು ಇರಲಿಲ್ಲ.

ಅಕ್ಕೋರ ಗಂಟಲು ಒಡೆದದ್ದನ್ನು ನಾವೆಲ್ಲ ಚಾಕ್‌ಪುಡಿ ಎಂದುಕೊಂಡೆವು. ಅವರೂ ಹಾಗೇ ಅಂದುಕೊಂಡು ಬಿಸಿನೀರು, ಜ್ಯೇಷ್ಠಮಧು ಎಂದು ಕಾಲ ಕಳೆದರು. ಕೊನೆಗೆ ಹುಬ್ಬಳ್ಳಿಯ ಡಾಕ್ಟರು ಕ್ಯಾನ್ಸರ್ ಎಂದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಉಸಿರಾಟ ಕುತ್ತಿಗೆಯಲ್ಲಿ ಮಾಡುವ ತೂತಿನಿಂದ, ಮಾತು ಇಲ್ಲ. ಮರುದಿನ ಅಕ್ಕೋರು ಶಾಲೆಗೆ ಬಂದರು. ಅಳಲಿಲ್ಲ. ಒಡಕು ದನಿಯಲ್ಲಿ, “ಗಂಟಲ ತಗದ್ರ ತಗೀಲಿ. ದನಿ ಮಾತ್ರ ನಾ ಕೊಡೂದಿಲ್ರಿ” ಎಂದರು. ನನಗೆ ಅರ್ಥವಾಗಲಿಲ್ಲ.

ಶಾಲೆಯ ಕಂಪ್ಯೂಟರ್ ಕೋಣೆ ನೋಡಿಕೊಳ್ಳುತ್ತಿದ್ದವರು ಅವರೇ. ಒಬ್ಬರ ದನಿಯ ತುಣುಕುಗಳನ್ನು ಕೊಟ್ಟರೆ ಅದೇ ದನಿಯಲ್ಲಿ ಹೊಸ ಮಾತು ಆಡುವ ಪ್ರೋಗ್ರಾಮುಗಳು ಬಂದಿವೆ ಎಂದು ಅವರಿಗೆ ಗೊತ್ತಿತ್ತು. ಒಡೆದ ದನಿಯೊಂದರಿಂದಲೇ ಅದು ಆಗುವುದಿಲ್ಲ. ಆದರೆ ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಅವರು ಮಕ್ಕಳ ಫೋನುಗಳಿಗೆ ಪಾಠ ಓದಿ ಕಳಿಸುತ್ತಿದ್ದರು. ಆ ಗಟ್ಟಿ ದನಿ ಅವರ ಬಳಿ ಉಳಿದಿತ್ತು. ಪಾಠದಲ್ಲಿ ಬಾರದ ಮನೆಮಾತುಗಳನ್ನು ಮಾತ್ರ, ಒಡಕಾದರೂ ಇರಲಿ ಎಂದು, ಬಿಸಿಯೂಟದ ಅಕ್ಕಿಕೋಣೆಯಲ್ಲಿ ಕೂತು ರೆಕಾರ್ಡ್ ಮಾಡಿದರು. ಸುತ್ತ ಚೀಲಗಳಿದ್ದರೆ ದನಿ ಮಾರ್ದನಿಸುವುದಿಲ್ಲವಂತೆ. ಹೊರಗೆ ಗದ್ದಲವಾಗದಂತೆ ನನ್ನನ್ನು ಬಾಗಿಲಿಗೆ ನಿಲ್ಲಿಸಿದ್ದರು. ಒಳಗಿನಿಂದ ಆ ಒಡಕು ದನಿ “ಬದನಿಕಾಯಿ ಹೆಂಗ? ಬಸ್ ಹೋತೇನ್ರಿ? ಅತ್ತೀ, ಎದ್ದೀರೇನ್ರಿ?” ಎಂದು ಒಂದೊಂದೇ ಹೇಳುತ್ತಿತ್ತು. ಅಡುಗೆಯಾಕೆ ಅಕ್ಕಿಗೆ ಬಂದವಳು ನನ್ನ ಪಕ್ಕದಲ್ಲೇ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಒಂದು ಕಂಪನಿಯವರು ದನಿಯನ್ನು ತಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಂಡು ನಡೆಸಿಕೊಡುತ್ತೇವೆ ಎಂದಿದ್ದರು. ಅಕ್ಕೋರು ಒಪ್ಪಲಿಲ್ಲ. “ನಾಳಿ ಅವರು ಅಂಗಡಿ ಮುಚ್ಚಿಕೊಂಡ ಹೋದ್ರ ನಾ ಯಾರ ಬಾಗಲಕ್ಕ ಹೋಗ್ಲಿ? ನನ್ನ ದನಿ ನನ್ನ ಮನ್ಯಾಗ ಇರ್ಲಿ” ಎಂದರು. ಹಳೆಯ ಕಂಪ್ಯೂಟರೊಂದನ್ನು ತಂದು ನಡುಮನೆಯಲ್ಲಿ ಟ್ರಂಕಿನ ಮೇಲೆ ಇಟ್ಟು, ಇನ್ವರ್ಟರಿಗೆ ಜೋಡಿಸಿ, ಹಗಲೂ ರಾತ್ರಿಯೂ ಚಾಲೂ ಇಟ್ಟರು. ಇದಕ್ಕೆ ಸರ್ವರ್ ಎನ್ನುತ್ತಾರಂತೆ. ಅಕ್ಕೋರು ಎಲ್ಲಿದ್ದರೂ ಫೋನಿನಲ್ಲಿ ಬರೆದದ್ದು ಮನೆಯ ಆ ಯಂತ್ರಕ್ಕೆ ಹೋಗಿ, ಅಲ್ಲಿಂದ ಅವರದೇ ದನಿಯಾಗಿ ತಿರುಗಿ ಬಂದು, ಕೊರಳಿಗೆ ಹಾಕಿಕೊಂಡ ಸಣ್ಣ ಸ್ಪೀಕರಿನಲ್ಲಿ ಕೇಳುತ್ತಿತ್ತು.

ಆಪರೇಶನ್ ಆಗಿ ಅವರು ಮತ್ತೆ ತರಗತಿಗೆ ಬಂದ ದಿನ ಮಕ್ಕಳು ಮೊದಲು ಹೆದರಿದರು, ಆಮೇಲೆ ನಕ್ಕರು, ಆಮೇಲೆ ರೂಢಿ ಮಾಡಿಕೊಂಡರು. ದನಿ ಅವರದೇ. ಆದರೆ ಗಣಿತದ ಪಾಠದಿಂದ ಕಟ್ಟಿದ್ದರಿಂದ ಏನು ಹೇಳಿದರೂ ಪ್ರಮೇಯ ಸಾಧಿಸಿದಂತೆ ಬರುತ್ತಿತ್ತು. ಸಂತೆಯಲ್ಲಿ ಚೌಕಾಶಿ ಮಾಡಲಾಗುತ್ತಿರಲಿಲ್ಲ. ಇವರ ಮಾತು ಬರುವಷ್ಟರಲ್ಲಿ ಕಾಯಿಪಲ್ಯದವಳು ಬೇರೆ ಗಿರಾಕಿಗೆ ತೂಗಿರುತ್ತಿದ್ದಳು. ಮೂಗಿನಿಂದ ಉಸಿರಿಲ್ಲದ್ದರಿಂದ ವಾಸನೆಯೂ ತಿಳಿಯುತ್ತಿರಲಿಲ್ಲ. ರಂಜಾನ್ ಹಬ್ಬಕ್ಕೆ ನನ್ನ ಹೆಂಡತಿ ಕಳಿಸಿದ ಸುರಕುಂಬಾ ಪಾಯಸದ ಡಬ್ಬಿಯನ್ನು ಅವರು ತೆರೆದು, ಮುಖದ ಹತ್ತಿರ ಹಿಡಿದು, ಸುಮ್ಮನೆ ಮುಚ್ಚಿಟ್ಟರು.

ಎಲ್ಲಕ್ಕಿಂತ ದೊಡ್ಡ ಕೊರತೆ ಎಂದರೆ ಸಿಟ್ಟು. ಯಂತ್ರಕ್ಕೆ ಸಿಟ್ಟು ಮಾಡಲು ಬರುತ್ತಿರಲಿಲ್ಲ. ಹುಡುಕಿ ಹುಡುಕಿ ಹಳೆಯ ಪಾಠವೊಂದರ ನಡುವೆ ಅವರು ನಿಜಕ್ಕೂ ಬೈದ ಒಂದು ಮಾತು ಸಿಕ್ಕಿತು: “ಹಾಳಾಗ್ಲಿ, ಮತ್ತ ಕರೆಂಟ್ ಹೋತು!” ಅದನ್ನೇ ಒಂದು ಬಟನ್ನಿಗೆ ಕಟ್ಟಿಟ್ಟುಕೊಂಡರು. ಹಿಂದಿನ ಬೆಂಚಿನವನು ಮಾತಾಡಿದರೆ ಅದು, ಹೋಮ್‌ವರ್ಕ್ ಮಾಡದಿದ್ದರೆ ಅದು, ನಾನು ಅವರ ಪಿರಿಯಡ್ ನುಂಗಿದರೂ ಅದೇ. ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿದ್ದರೂ ಹುಡುಗರು ‘ಕರೆಂಟ್ ಹೋತು’ ಎಂಬುದಕ್ಕೆ ಗಡಗಡ ನಡುಗುತ್ತಿದ್ದರು.

ಅತ್ತೆಗೆ ಮಾತ್ರ ಇದ್ಯಾವುದನ್ನೂ ಹೇಳಿರಲಿಲ್ಲ. ಆ ಮುದುಕಿಯ ಗಂಡನೂ ಗಂಟಲ ಹುಣ್ಣಿನಲ್ಲೇ ಸತ್ತದ್ದು. ಸೊಸೆಗೆ ಗಂಟಲಿನಲ್ಲಿ ಸಣ್ಣ ಗಡ್ಡೆ ಇತ್ತು, ತೆಗೆದಿದ್ದಾರೆ, ಇನ್ನು ಮೇಲೆ ಸಾವಕಾಶ ಮಾತಾಡಬೇಕಂತೆ, ಅಷ್ಟೇ ಹೇಳಿದ್ದರು. “ಕಣ್ಣ ಇಲ್ಲದವ್ರಿಗೆ ಇದನ್ನ ಹೇಳಿ ಕತ್ತಲ್ಯಾಗ ಕೂಡಸೂದು ಬ್ಯಾಡ್ರಿ” ಎಂದಿದ್ದರು ಅಕ್ಕೋರು. ಕೊರಳಿನ ತೂತಿಗೆ ಸದಾ ವಸ್ತ್ರ ಸುತ್ತಿರುತ್ತಿದ್ದರು. ಮುದುಕಿ ಆ ನಿಧಾನದ ದನಿಗೆ ಹೊಂದಿಕೊಂಡರು. “ನಮ್ಮ ಸೊಸಿ ಈಗ ಸೂಕ್ಷ್ಮ ಆಗ್ಯಾಳ್ರಿ, ತೂಗಿ ತೂಗಿ ಮಾತಾಡ್ತಾಳ” ಎಂದು ನನಗೇ ಹೇಳಿದ್ದರು.

ಸರ್ವರಿಗೆ ಆಗಾಗ ಅಪ್‌ಡೇಟು ಬರುತ್ತದೆ. ಮೊದಮೊದಲು ಅಕ್ಕೋರು ಬಂದದ್ದನ್ನೆಲ್ಲ ಬಂದಂತೆಯೇ ಹಾಕುತ್ತಿದ್ದರು. ಒಂದು ಸಂಜೆ ಹಾಕಿದ ಅಪ್‌ಡೇಟಿನಿಂದ ಏನೋ ಹೆಚ್ಚುಕಡಿಮೆಯಾಯಿತು. ಅವರು ಅತ್ತೆಯ ಬಳಿ ಕೂತು ಎಂದಿನಂತೆ ಫೋನಿನಲ್ಲಿ ಬರೆದರು: “ಅತ್ತೀ, ಚಾ ಕುಡೀತೀರೇನ್ರಿ?” ಬಂದದ್ದು ಯಾರೋ ರೇಡಿಯೋದವಳ ನುಣುಪು ದನಿ. ಮುದುಕಿ ಸೆರಗು ಸರಿಮಾಡಿಕೊಂಡು, “ಯಾರವಾ ತಂಗಿ? ಯಾರ ಪೈಕಿ ನೀನು? ಕೂಡು, ನಮ್ಮ ಸೊಸಿ ಇನ್ನೇನ ಬರ್ತಾಳ” ಎಂದರು. ಸೊಸೆ ಎದುರಿಗೇ ಕೂತಿದ್ದಾರೆ, ನಾನೇ ಎನ್ನಲು ದನಿಯಿಲ್ಲ. ಹೊಲದಿಂದ ಬಂದ ಗಂಡ ಹೊಸ್ತಿಲಲ್ಲಿ ನಿಂತು ಇದನ್ನು ನೋಡಿದರು. ಹಳೆಯದರ ಪ್ರತಿ ಇದ್ದುದರಿಂದ ಮರುದಿನ ದನಿ ಮರಳಿತು. ಇದನ್ನು ಅಕ್ಕೋರೇ ನನಗೆ ಆಮೇಲೆ ಹೇಳಿದರು.

ಆ ಹೆದರಿಕೆಯಲ್ಲಿ ಬಹಳ ಕಾಲ ಅಪ್‌ಡೇಟನ್ನೇ ಮುಟ್ಟಲಿಲ್ಲ. ಅಷ್ಟರಲ್ಲಿ ಅವರ ಪರಿಚಯದವರೊಬ್ಬರ ಕಂಪ್ಯೂಟರಿಗೆ ಕಳ್ಳರು ನುಗ್ಗಿ ಇದ್ದಬದ್ದ ಫೋಟೋಗಳಿಗೆಲ್ಲ ಬೀಗ ಜಡಿದ ಸುದ್ದಿ ಬಂತು. ಹಳೆಯ ಪ್ರೋಗ್ರಾಮಿನಲ್ಲಿ ಸಂದಿಗಳಿರುತ್ತವೆ, ಆ ಸಂದಿ ಮುಚ್ಚಲಿಕ್ಕೇ ಅಪ್‌ಡೇಟು ಬರುವುದು, ಹಾಕದಿದ್ದರೆ ಬಾಗಿಲು ತೆರೆದಿಟ್ಟು ಮಲಗಿದ ಹಾಗೆ ಎಂದು ಅವರು ನನಗೆ ತಿಳಿಸಿ ಹೇಳಿದರು. ಕಡೆಗೆ ಒಂದು ತೀರ್ಮಾನಕ್ಕೆ ಬಂದರು. ಅಮಾಸಿಗೊಮ್ಮೆ.

“ಅಮಾಸಿ ಯಾಕ್ರಿ? ಹುಣ್ಣಿವಿ ಏನ ಮಾಡೇತಿ?” ಎಂದು ನಾನು ಚೇಷ್ಟೆ ಮಾಡಿದೆ.

“ಅಮಾಸಿಗೆ ಎತ್ತ ಹೂಡಂಗಿಲ್ರಿ ಸರ. ನಮ್ಮವರು ಮನ್ಯಾಗ ಇರ್ತಾರ. ದನಿ ಕೆಟ್ರ ಅತ್ತಿ ಕೂಡ ಮಾತಾಡಾಕ ಒಬ್ರರ ಬೇಕಲ್ಲ? ದಿನಾ ಮುಟ್ಟಿದ್ರೂ ಕೆಡ್ತೈತಿ, ಮುಟ್ಟದ ಬಿಟ್ರೂ ಕೆಡ್ತೈತಿ. ಒಂದ ದಿನಾ ಅಂತ ಇರ್ಬೇಕು.” ಸ್ಪೀಕರು ಇದನ್ನು ಹೇಳಿ ಮುಗಿಸಿದ ಮೇಲೆ ಅವರು ಬೈಗುಳದ ಬಟನ್ನನ್ನೂ ಒತ್ತಿದರು.

ಅಮಾಸಿಯ ದಿನ ಗಂಡ ಎತ್ತು ಮೈತೊಳೆದು, ಬಂಡಿ, ಕೂರಿಗೆ, ಗಿರಣಿಗೆಲ್ಲ ವಿಭೂತಿ ಹಚ್ಚಿ ಕಾಯಿ ಒಡೆಯುವುದು ಆ ಮನೆಯ ಪದ್ಧತಿ. ಕಂಪ್ಯೂಟರೂ ಆ ಸಾಲಿಗೆ ಸೇರಿತು. “ಬೂದಿ ಒಳಗ ಹೋಗದಂಗ ಹಚ್ರಿ” ಎಂಬುದಷ್ಟೇ ಅಕ್ಕೋರ ತಕರಾರು. ಪೂಜೆ ಮುಗಿದ ಮೇಲೆ ಅವರು ಡಿಸ್ಕು ಜೋಡಿಸಿ ದನಿಯ ಪ್ರತಿ ತೆಗೆದುಕೊಳ್ಳುವರು, ಡಿಸ್ಕು ಬಿಚ್ಚಿ ದೇವರ ಜಗಲಿಯ ಮೇಲೆ ಇಡುವರು, ಆಮೇಲೆ ಅಪ್‌ಡೇಟು. ಕೊನೆಗೆ ಅತ್ತೆಯ ಬಳಿ ಹೋಗಿ ಚಹಾ ಕೇಳುವರು. ಮುದುಕಿ “ಅರ್ಧಾ ಕಪ್ ಕೊಡು” ಎಂದರೆ ಎಲ್ಲ ಸರಿಯಿದೆ ಎಂದರ್ಥ. ಅಲ್ಲಿಯವರೆಗೆ ಗಂಡ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿರುತ್ತಿದ್ದರು. ಒಂದು ಅಮಾಸಿ ನಾನೂ ಅಲ್ಲಿದ್ದೆ. ಮುದುಕಿಯ ಉತ್ತರ ಬಂದಾಗ ಆ ಮನುಷ್ಯ ಬಿಟ್ಟ ಉಸಿರು ನನಗೆ ಕೇಳಿಸಿತು.

ಹೀಗೆ ಎರಡು ಸುಗ್ಗಿ ಕಳೆದವು. ಆಮೇಲೆ ಕ್ಯಾನ್ಸರ್ ಮರಳಿತು. ಈ ಸಲ ಹುಬ್ಬಳ್ಳಿಯಲ್ಲೇ ಇದ್ದು ಚಿಕಿತ್ಸೆ ತೆಗೆದುಕೊಳ್ಳಬೇಕು. ಹೋಗುವ ಮುಂಚೆ ಗಂಡನಿಗೆ ಎಲ್ಲ ಕಲಿಸಿದರು: ಡಿಸ್ಕು ಹಚ್ಚಬೇಕು, ಪ್ರತಿ ತೆಗೆಯಬೇಕು, ಬಿಚ್ಚಿಡಬೇಕು, ಇಲ್ಲಿ ಒತ್ತಬೇಕು. ದೂರದಿಂದ ಎಲ್ಲವನ್ನೂ ಮಾಡಲು ಬರುವುದಿಲ್ಲ, ನಡುವೆ ನಿಂತರೆ ಕೈ ಹಚ್ಚುವವರು ಎದುರಿಗೇ ಇರಬೇಕು. ಗಂಡ ಎಲ್ಲದಕ್ಕೂ ತಲೆ ಆಡಿಸಿದರು.

ಆಸ್ಪತ್ರೆಯ ಮಂಚದ ಮೇಲಿಂದ ಅಕ್ಕೋರು ಪ್ರತಿ ಸಂಜೆ ಅತ್ತೆಗೆ ಫೋನು ಮಾಡುತ್ತಿದ್ದರು. ಹೇಳಲು ಶಾಲೆಯ ಸುದ್ದಿ ಇಲ್ಲದ್ದರಿಂದ ನನ್ನಿಂದ ತರಿಸಿಕೊಂಡು ಹೇಳುತ್ತಿದ್ದರು. “ಇವತ್ತ ಸುದ್ದಿ ಕಡಿಮಿ ಆತ್ರಿ ಸರ, ಒಂದ ಜಗಳಾ ಹುಟ್ಟಿಸಿಕೊಡ್ರಿ” ಎಂದು ಒಮ್ಮೆ ಬರೆದು ಕಳಿಸಿದರು. ನಾನು ಹೆಡ್‌ಮಾಸ್ತರಿಗೂ ಡ್ರಿಲ್ ಮಾಸ್ತರಿಗೂ ಇಲ್ಲದ ಜಗಳ ಹಚ್ಚಿದೆ. ಮುದುಕಿ ಡ್ರಿಲ್ ಮಾಸ್ತರರ ಪರವಾಗಿ ತೀರ್ಪು ಕೊಟ್ಟರಂತೆ. ನೋಡಲು ಹೋದಾಗ ಅಕ್ಕೋರ ಮೈ ಹಾಸಿಗೆಗೆ ಹತ್ತಿತ್ತು. ಆ ದನಿ ಮಾತ್ರ ಮೊದಲಿನ ಹಾಗೆಯೇ ಗಟ್ಟಿಯಾಗಿ, “ನಮ್ಮವರು ಒಂದೂ ಅಮಾಸಿ ತಪ್ಪಿಸಿಲ್ರಿ. ನನಗಿಂತ ಚಲೋ ಮಾಡ್ತಾರ” ಎಂದಿತು. ಹೇಳುವಾಗ ಮುಖದಲ್ಲಿ ಹೆಮ್ಮೆ ಇತ್ತು.

ಒಂದು ಬೆಳಿಗ್ಗೆ ಗಂಡ ನನಗೆ ಫೋನು ಮಾಡಿದರು. “ಸರ, ಮಷಿನ್ ಮ್ಯಾಲೆ ಇಂಗ್ಲಿಷಿನ್ಯಾಗ ಏನೋ ಬಂದೈತ್ರಿ. ಜಲ್ದಿ ಬರ್ರಿ.” ಬೈಕು ಹತ್ತಿ ಹೋದೆ. ಪರದೆಯ ಮೇಲೆ ಇದ್ದದ್ದು ಇಷ್ಟೇ: ನಿಮ್ಮ ಎಲ್ಲ ಕಡತಗಳಿಗೂ ಬೀಗ ಹಾಕಲಾಗಿದೆ, ಹಣ ಕೊಟ್ಟರೆ ತೆಗೆಯುತ್ತೇವೆ. ಯಾವ ದೇಶದ ಕಳ್ಳನೋ, ಅವನಿಗೆ ಇದು ಯಾರ ದನಿ ಎಂದು ಗೊತ್ತಿರಲಿಕ್ಕಿಲ್ಲ. ಗೊತ್ತಿದ್ದರೂ ಬಿಡುತ್ತಿದ್ದನೋ ಇಲ್ಲವೋ.

“ಡಿಸ್ಕ್ ಎಲ್ಲೈತ್ರಿ?” ಎಂದೆ. ಜಗಲಿಯ ಮೇಲೆ ಇರಲಿಲ್ಲ. ಅದು ಯಂತ್ರಕ್ಕೇ ಜೋಡಿಸಿಕೊಂಡಿತ್ತು, ಅದರ ಮೇಲೂ ವಿಭೂತಿ, ಒಣಗಿದ ಚೆಂಡುಹೂವು. ಅದರೊಳಗಿನದಕ್ಕೂ ಬೀಗ ಬಿದ್ದಿತ್ತು.

“ಅಪ್‌ಡೇಟ್ ಮಾಡಿದ್ರಿಲ್ಲೋ?”

ಅವರು ಡಿಸ್ಕಿನ ಮೇಲಿನ ಒಣಹೂವು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆಮೇಲೆ, “ಇಲ್ರಿ ಸರ” ಎಂದರು. “ಒಂದ ಸಲಾನೂ ಮಾಡಿಲ್ರಿ. ಡಿಸ್ಕ್ ಹಚ್ಚಿದೆ, ಬಿಚ್ಚಾಕೂ ಅಂಜಿ ಹಂಗ ಬಿಟ್ಟೆ. ಬಟನ್ ಒತ್ತಾಕ ಕೈ ಬರ್ಲಿಲ್ರಿ. ಅವತ್ತ ನಮ್ಮವ್ವ ಅಕೀನ ಯಾರವಾ ನೀನು ಅಂತ ಕೇಳಿದ್ದು ನಾ ಕಣ್ಣಾರೆ ನೋಡೇನ್ರಿ. ನನ್ನ ಕೈಯಿಂದ ಹಂಗ ಮತ್ತ ಆದ್ರ? ಅಕಿ ಅಲ್ಲೆ ಮಂಚದ ಮ್ಯಾಲೆ, ಇಲ್ಲೆ ದನಿ ಹೋದ್ರ? ಅದಕ್ಕ ಒರಸಿದೆ, ಇಬತ್ತಿ ಹಚ್ಚಿದೆ, ಕಾಯಿ ಒಡದೆ. ಆತು ಅಂತ ಅಕಿಗೆ ಹೇಳಿದೆ.”

ಅವರ ಕಪಾಳಕ್ಕೆ ಹೊಡೆಯಬೇಕು ಎನ್ನಿಸಿತು. ಅವರನ್ನು ಹಿಡಿದುಕೊಂಡು ಅಳಬೇಕು ಎಂದೂ ಎನ್ನಿಸಿತು. ಎರಡನ್ನೂ ಮಾಡದೆ ಪರದೆ ನೋಡುತ್ತ ನಿಂತೆ. ಒಳಗಿನಿಂದ ಮುದುಕಿ, “ಸೊಸೀ ಫೋನ್ ಇನ್ನೂ ಯಾಕ ಬರ್ಲಿಲ್ಲೋ?” ಎಂದು ಕೂಗಿದರು.

ಮತ್ತೆ ದನಿ ಕಟ್ಟಲು ನಾವು ಒದ್ದಾಡಿದೆವು. ಮೂಲ ರೆಕಾರ್ಡಿಂಗುಗಳೂ ಆ ಬೀಗದೊಳಗೇ ಇದ್ದವು. ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ ಕೊರೊನಾ ಕಾಲದ ಪಾಠಗಳಿಗಾಗಿ ಅವರ ಫೋನು ತಡಕಿಸಿದೆವು. ಫೋನುಗಳು ಬದಲಾಗಿದ್ದವು, ಒಡೆದಿದ್ದವು, ಮಾರಿಹೋಗಿದ್ದವು. ಕೆಲವು ಚೂರುಗಳು ಸಿಕ್ಕವು. ತ್ರಿಕೋನ ಸಿಕ್ಕಿತು, ವರ್ಗಮೂಲ ಸಿಕ್ಕಿತು. ತಿಳಿದವರಿಗೆ ತೋರಿಸಿದರೆ ಇಷ್ಟು ಸಾಲದು ಎಂದರು. ಸಾಲುವಂತೆ ಮಾಡಬಲ್ಲವರು ಒಬ್ಬರೇ ಇದ್ದರು. ಅವರಿಗೆ ಆಗ ತಲೆ ಎತ್ತುವ ಶಕ್ತಿಯೂ ಇರಲಿಲ್ಲ. ಡಾಕ್ಟರು ಇನ್ನು ಮನೆಗೆ ಕರೆದೊಯ್ಯಿರಿ ಎಂದಿದ್ದರು.

ಮನೆಗೆ ಬಂದ ದಿನ ಅಕ್ಕೋರು ಪಾಟಿಯ ಮೇಲೆ ಗಂಡನಿಗೆ ಬರೆದು ಕೇಳಿದರು: “ಯಾಕ ಮಾಡ್ಲಿಲ್ರಿ?” ಅವರು ತಲೆ ತಗ್ಗಿಸಿದರು. ಅಕ್ಕೋರು ಅವರನ್ನು ಬಹಳ ಹೊತ್ತು ನೋಡಿದರು. ಸಿಟ್ಟಿತ್ತು, ಚೆನ್ನಾಗಿ ಕಾಣುತ್ತಿತ್ತು. ಆಮೇಲೆ ಅಂಗೈಯಿಂದ ಪಾಟಿ ಒರೆಸಿ “ಇರ್ಲಿ” ಎಂದು ಬರೆದರು. ಆ ವಿಷಯ ಮತ್ತೆ ಎತ್ತಲಿಲ್ಲ.

ಅತ್ತೆಗೆ ಏನು ಹೇಳುವುದು? ಮಾತಾಡಬಾರದು ಅಂದಿದ್ದಾರೆ ಡಾಕ್ಟರು ಎಂದರು ಗಂಡ. ಮುದುಕಿ ನಂಬಲಿಲ್ಲ. “ಮೊನ್ನಿತನಕಾ ಫೋನಿನ್ಯಾಗ ಚಲೋತ್ನಾಗಿ ಮಾತಾಡ್ತಿದ್ಲು. ಈಗ ಮನಿಗೆ ಬಂದು ನನ್ನ ಕೂಡ ಮಾತ ಬಿಟ್ಟಾಳ. ನಾ ಏನ ತಪ್ಪ ಮಾಡೇನ್ರಿ ಮಾಸ್ತರ?” ಎಂದು ನನ್ನನ್ನು ಕೇಳಿದರು. ನಿಜ ಹೇಳಿಬಿಡೋಣ ಎಂದು ನಾನು ಅಕ್ಕೋರ ಕಡೆ ನೋಡಿದೆ. ಅವರು ಬೇಡವೆಂದು ತಲೆ ಆಡಿಸಿದರು. ಇಷ್ಟು ದಿನ ಮುಚ್ಚಿಟ್ಟದ್ದನ್ನು ಸಾಯುವಾಗ ಬಿಚ್ಚುವುದು ಅವರಿಗೆ ಬೇಕಿರಲಿಲ್ಲ. ಆ ಹಟ ಸರಿಯೋ ತಪ್ಪೋ ನನಗೆ ಇವತ್ತಿಗೂ ತಿಳಿಯುವುದಿಲ್ಲ.

ಅಕ್ಕೋರ ಹಾಸಿಗೆಯನ್ನು ಅತ್ತೆಯ ಹಾಸಿಗೆಯ ಬಾಜೂಕೇ ಹಾಕಿದ್ದರು. ಒಂದು ದಿನ ಅವರು ಕೈ ಚಾಚಿ ಮುದುಕಿಯ ಕೈ ಹಿಡಿದುಕೊಂಡರು. ಮುದುಕಿ ಮೆಲ್ಲಗೆ ಬಿಡಿಸಿಕೊಂಡರು. “ಮಾತ ಬ್ಯಾಡಾದವ್ರು ಕೈ ಯಾಕ ಹಿಡೀತಿ?” ಎಂದರು. ಅಕ್ಕೋರು ಆಮೇಲೆಯೂ ಹಿಡಿಯುತ್ತಿದ್ದರಂತೆ, ಅತ್ತೆಗೆ ನಿದ್ದೆ ಹತ್ತಿದ ಮೇಲೆ.

ಜೋಳದ ರಾಶಿ ನಡೆದಿತ್ತು, ಅಂಥ ದಿನಗಳಲ್ಲಿ ಅವರು ಹೋದರು. ನಾವು ಶಾಲೆಯವರೆಲ್ಲ ಹೋದೆವು. ಅಕ್ಕೋರ ದೇಹವನ್ನು ಮನೆತನದ ಪದ್ಧತಿಯಂತೆ ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆತುಂಬ ವಿಭೂತಿ, ಮೈಮೇಲೆ ಹೂವು. ಮಠದ ಭಜನೆಯವರು ಹಾಡು ನಿಲ್ಲಿಸಿ ನೀರು ಕುಡಿಯುತ್ತಿದ್ದರು. ಓಣಿಯ ಇಬ್ಬರು ಹೆಂಗಸರು ಮುದುಕಿಯನ್ನು ಹಿಡಿದು ತಂದು ಸೊಸೆಯ ಎದುರಿಗೆ ಕೂಡಿಸಿದರು. ಮುದುಕಿ ಅಳುತ್ತಿರಲಿಲ್ಲ, ಇನ್ನೂ ಮುನಿಸಿನಲ್ಲೇ ಇದ್ದರು. ಎರಡೂ ಕೈಯಿಂದ ಹಣೆ ಸವರಿದರು, ಕೆನ್ನೆ ಸವರಿದರು, ಗದ್ದ ಹಿಡಿದರು. ಮೈತೊಳೆಯುವಾಗ ಕೊರಳಿನ ವಸ್ತ್ರ ತೆಗೆದಿದ್ದರು, ಮತ್ತೆ ಸುತ್ತಲು ಯಾರಿಗೂ ನೆನಪಾಗಿರಲಿಲ್ಲ. ಬೆರಳು ಕೆಳಗಿಳಿದು ಹೂವಿನ ಸಂದಿಯಲ್ಲಿ ಆ ತೂತಿನ ಮೇಲೆ ನಿಂತಿತು. ಅಂಚನ್ನು ಸುತ್ತಲೂ ಮುಟ್ಟಿ ನೋಡಿತು. ಮುದುಕಿಯ ಗಂಡನಿಗೂ ಕೊನೆಗಾಲದಲ್ಲಿ ಅಲ್ಲೇ ಹೀಗೆಯೇ ತೂತು ಮಾಡಿದ್ದರಂತೆ, ಅವರಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

“ಇದು ಎಂದಿಂದು?” ಎಂದರು.

“ಎರಡ ವರ್ಷದ ಮ್ಯಾಲಾತವ್ವಾ” ಎಂದರು ಮಗ.

“ಹಂಗಾರ ನನ್ನ ಕೂಡ ಇಷ್ಟ ದಿನಾ ಮಾತಾಡಿದ್ದು?”

“ಅಕೀನ ಅವ್ವಾ. ಮಷಿನಿನ್ಯಾಗ ತನ್ನ ದನಿ ಇಟಗೊಂಡಿದ್ಲು. ನಿನ್ನ ಸಂಬಂಧ.”

ಮುದುಕಿಯ ಬೆರಳು ಅಲ್ಲಿಂದ ಕದಲಲಿಲ್ಲ.

“ಮತ್ತ ಕಡೀಕ ಯಾಕ ಮಾತ ಬಿಟ್ಲು?”

ಮಗ ತಾಯಿಯ ಎದುರು ನೆಲದ ಮೇಲೆ ಕೂತರು. ಊರ ಮಂದಿಯೆಲ್ಲ ಕೇಳುತ್ತಿದ್ದರು.

“ಅಕಿ ಬಿಡಲಿಲ್ಲವ್ವಾ” ಎಂದರು. “ನಾ ಕಳದೆ.”